ಮಣ್ಣಿನ ಇಂಗಾಲ: ಸಹ್ಯಾದ್ರಿಯ ಮಳೆಕಾಡು, ಬಾಡಗಂಡಿಯ ಎರೆ

ಎಲೆ, ಬೇರು, ಹುಳು, ಸೂಕ್ಷ್ಮಜೀವಿಗಳು ಸತ್ತು ಮಣ್ಣಿಗೆ ಸೇರಿದ ಮೇಲೆ ಅವುಗಳ ಇಂಗಾಲದ ಬಹುಭಾಗ ಗಾಳಿಗೆ ಮರಳುತ್ತದೆ. ಒಂದು ಪಾಲು ಮಾತ್ರ ಕೆಲವು ದಿನಗಳಿಂದ ಹಿಡಿದು ಸಾವಿರಾರು ವರ್ಷಗಳವರೆಗೆ ನೆಲದಲ್ಲಿ ಉಳಿಯುತ್ತದೆ. ಹೀಗೆ ಉಳಿದದ್ದು ಮಣ್ಣಿನ ಸಾವಯವ ಇಂಗಾಲ. ಸುಣ್ಣದ ಹರಳುಗಳ ರೂಪದಲ್ಲಿ ಇರುವುದು ನಿರವಯವ ಇಂಗಾಲ. ಉಷ್ಣವಲಯದ ಮಳೆಕಾಡಿನ ಮಣ್ಣಿನಲ್ಲಿ ಮೊದಲನೆಯದೇ ಹೆಚ್ಚುಕಡಿಮೆ ಎಲ್ಲ. ಬಾಗಲಕೋಟೆ ಜಿಲ್ಲೆಯಂಥ ಒಣಸೀಮೆಯಲ್ಲಿ ಎರಡನೆಯದೂ ದೊಡ್ಡ ಮೊತ್ತವೇ.

ಮಣ್ಣು ಕಪ್ಪಗಿದ್ದರೆ ಸತ್ವ ಹೆಚ್ಚು ಎಂಬ ನಂಬಿಕೆಯನ್ನು ಇಲ್ಲಿ ಮೊದಲೇ ಬದಿಗಿಡಬೇಕು. ಬೀಳಗಿ ತಾಲೂಕಿನ ಬಾಡಗಂಡಿ ಸುತ್ತಿನ ಎರೆಹೊಲ ಕಡುಗಪ್ಪು. ಆದರೆ ಇಂಥ ಎರೆಯ ಮೇಲ್ಪದರದಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ನೂರಕ್ಕೆ ಅರ್ಧ ಭಾಗದ ಆಸುಪಾಸಿನಲ್ಲಿರುತ್ತದೆ. ಆಗುಂಬೆ, ಕುದುರೆಮುಖದ ಕಡೆಯ ಕಾಡಿನ ನೆಲ ಕೆಂಪು, ಇಲ್ಲವೇ ಕಂದು. ಅದರ ಮೇಲ್ಪದರದಲ್ಲಿ ನೂರಕ್ಕೆ 2ರಿಂದ 5 ಭಾಗ ಇಂಗಾಲ ಸಿಗುವುದು ಅಪರೂಪವಲ್ಲ. ಬಣ್ಣ ಹೇಳುವುದು ಇಂಗಾಲದ ಮೊತ್ತವನ್ನಲ್ಲ, ಅದು ಯಾವ ಖನಿಜಕ್ಕೆ ಅಂಟಿಕೊಂಡಿದೆ ಎಂಬುದನ್ನು. ಎರೆಯ ಸ್ಮೆಕ್ಟೈಟ್ ಜೇಡಿಗೆ ಹರಡಿ ಅಂಟಿದ ಸ್ವಲ್ಪವೇ ಸಾವಯವ ವಸ್ತು ಇಡೀ ಮಣ್ಣನ್ನು ಕಪ್ಪಾಗಿಸುತ್ತದೆ. ಕಾಡಿನ ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡುಗಳ ಕೆಂಪು, ಎರೆಯಲ್ಲಿರುವುದರ ಹಲವು ಪಟ್ಟು ಇಂಗಾಲವನ್ನೂ ಮರೆಮಾಡುತ್ತದೆ.

ಮೊತ್ತ

ಜಗತ್ತಿನ ಮಣ್ಣುಗಳ ಮೇಲಿನ ಒಂದು ಮೀಟರಿನಲ್ಲಿ ಸುಮಾರು 1,500 ಶತಕೋಟಿ ಟನ್ ಸಾವಯವ ಇಂಗಾಲವಿದೆ ಎಂಬುದು ಒಪ್ಪಿತ ಅಂದಾಜು. ವಾತಾವರಣದಲ್ಲಿರುವುದು ಸುಮಾರು 900 ಶತಕೋಟಿ ಟನ್. ಉಷ್ಣವಲಯದ ಕಾಡುಗಳಲ್ಲಿ ಒಟ್ಟು ಇಂಗಾಲದ ಅರ್ಧಕ್ಕಿಂತ ತುಸು ಹೆಚ್ಚು ಮರಗಳಲ್ಲೇ ನಿಂತಿದೆ, ಮೂರನೇ ಒಂದರಷ್ಟು ಮಣ್ಣಿನಲ್ಲಿದೆ. ಉತ್ತರದ ಶೀತಕಾಡುಗಳಲ್ಲಿ ಈ ಲೆಕ್ಕ ತಿರುಗುಮುರುಗು: ಅಲ್ಲಿ ಮಣ್ಣೇ ಪ್ರಧಾನ, ಮರ ಗೌಣ. ಇದನ್ನು ನೋಡಿ ಮಳೆಕಾಡಿನ ಮಣ್ಣು ಬಡವಾದದ್ದು, ಅಲ್ಲಿರುವುದೆಲ್ಲ ಮರದ ಸಂಪತ್ತೇ ಎಂದು ಬರೆಯುವ ರೂಢಿ ಬಹಳ ಕಾಲ ಇತ್ತು. ರಂಜಕ, ಸುಣ್ಣದಂಥ ಪೋಷಕಗಳ ಮಟ್ಟಿಗೆ ಅದು ಬಹುಪಾಲು ನಿಜ. ಇಂಗಾಲದ ಮಟ್ಟಿಗೆ ಅಷ್ಟು ನಿಜವಲ್ಲ. ಅಲ್ಲಿನ ಮಣ್ಣು ಆಳ, ಆ ಆಳದಲ್ಲಿ ಇಂಗಾಲ ಉಂಟು.

ಭಾರತದ ಮಣ್ಣುಗಳ ಲೆಕ್ಕವನ್ನು ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂ ಬಳಕೆ ಯೋಜನಾ ಸಂಸ್ಥೆಯ ತಪಸ್ ಭಟ್ಟಾಚಾರ್ಯ, ಡಿ.ಕೆ. ಪಾಲ್ ಮತ್ತು ಸಂಗಡಿಗರು ಕಟ್ಟಿದರು. ಅದರ ಪ್ರಕಾರ ಮೇಲಿನ 30 ಸೆಂಟಿಮೀಟರಿನಲ್ಲಿ ಸಾವಯವ ಇಂಗಾಲ ಸುಮಾರು 9.5 ಶತಕೋಟಿ ಟನ್, ನಿರವಯವ ಇಂಗಾಲ ಸುಮಾರು 4 ಶತಕೋಟಿ ಟನ್. ಒಂದೂವರೆ ಮೀಟರಿನವರೆಗೆ ಇಳಿದರೆ ಸಾವಯವ ಸುಮಾರು 30, ನಿರವಯವ ಸುಮಾರು 34. ಕೆಳಗಿಳಿದಷ್ಟೂ ಸುಣ್ಣ ಮುಂದಾಗುತ್ತದೆ. ದೇಶದ ಅರ್ಧಕ್ಕೂ ಹೆಚ್ಚು ನೆಲ ಒಣಸೀಮೆ ಎಂಬುದರ ಗುರುತು ಇದು.

ಎಲೆಯಿಂದ ಮಣ್ಣಿಗೆ

ನಿತ್ಯಹರಿದ್ವರ್ಣ ಕಾಡಿನಲ್ಲಿ ಹೆಕ್ಟೇರಿಗೆ ವರ್ಷಕ್ಕೆ 10 ಟನ್ ಆಚೀಚೆ ಒಣ ತರಗೆಲೆ, ಕಡ್ಡಿ, ಹೂವು, ಕಾಯಿ ಬೀಳುತ್ತವೆ. ಅದರಲ್ಲಿ ಅರ್ಧದಷ್ಟು ಇಂಗಾಲ. ಇಷ್ಟು ಬಿದ್ದರೂ ನೆಲದ ಮೇಲೆ ದಪ್ಪ ದರಗು ನಿಲ್ಲುವುದಿಲ್ಲ. ಬಿಸಿ ಮತ್ತು ತೇವ ಎರಡೂ ಬಿಡದೆ ಇರುವುದರಿಂದ ಶಿಲೀಂಧ್ರ, ಗೆದ್ದಲು, ಸಹಸ್ರಪದಿ, ಬ್ಯಾಕ್ಟೀರಿಯಾಗಳು ಹೆಚ್ಚಿನ ಎಲೆಯನ್ನು ವರ್ಷದೊಳಗೆ ಮುಗಿಸಿಬಿಡುತ್ತವೆ. ತಿಂದದ್ದರಲ್ಲಿ ದೊಡ್ಡ ಪಾಲು ಇಂಗಾಲದ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ಉಳಿದ ಸ್ವಲ್ಪ ಅವುಗಳ ಮೈಯಾಗುತ್ತದೆ, ಮುಂದೆ ಅವು ಸತ್ತಾಗ ಮಣ್ಣಿನದಾಗುತ್ತದೆ.

ಕಣ್ಣಿಗೆ ಕಾಣುವುದು ಎಲೆ, ಆದರೆ ಮಣ್ಣಿನ ಇಂಗಾಲದ ಲೆಕ್ಕದಲ್ಲಿ ಬೇರಿನ ಪಾಲು ಅದಕ್ಕಿಂತ ಮುಖ್ಯ. ತೆಳು ಬೇರುಗಳು ಹುಟ್ಟಿ ಸಾಯುವುದು ಮಣ್ಣಿನೊಳಗೆ, ಖನಿಜ ಕಣಗಳ ಮಗ್ಗುಲಲ್ಲೇ. ಬೇರು ಬದುಕಿರುವಾಗಲೂ ಸಕ್ಕರೆ, ಆಮ್ಲಗಳನ್ನು ಒಸರುತ್ತಿರುತ್ತದೆ. ಅದನ್ನು ಉಣ್ಣುವ ಸೂಕ್ಷ್ಮಜೀವಿಗಳ ಕವಚ, ಅಂಟು, ಪ್ರೋಟೀನುಗಳು ಜೇಡಿಗೆ ಹತ್ತುತ್ತವೆ. ಆಳದ ಬೇರಿನ ಮಹತ್ವ ಮನದಟ್ಟಾದದ್ದು 1994ರಲ್ಲಿ. ಡೇನಿಯಲ್ ನೆಪ್‌ಸ್ಟೆಡ್ ಮತ್ತು ಸಂಗಡಿಗರು ಬ್ರೆಜಿಲಿನ ಪರಗೊಮಿನಾಸ್ ಬಳಿ ಬಾವಿಯಾಳದ ಗುಂಡಿ ತೆಗೆದರು. ಅಮೆಜಾನ್ ಮರಗಳ ಬೇರು 8 ಮೀಟರಿಗಿಂತ ಕೆಳಗೂ ಇಳಿದಿತ್ತು. ಅಲ್ಲಿ ಒಂದು ಮೀಟರಿನ ಕೆಳಗಿದ್ದ ಇಂಗಾಲ ಅದರ ಮೇಲಿದ್ದುದಕ್ಕಿಂತ ಹೆಚ್ಚು. 30 ಸೆಂಟಿಮೀಟರಿಗೆ ನಿಲ್ಲುವ ಸಮೀಕ್ಷೆಗಳು ಮಳೆಕಾಡಿನ ಬಗ್ಗೆ ಅರ್ಧ ಮಾತನ್ನಷ್ಟೇ ಹೇಳುತ್ತವೆ ಎಂಬ ಆಕ್ಷೇಪಕ್ಕೆ ಆಧಾರ ಇದು.

ಹಿಡಿದಿಡುವ ಬಗೆ

ಇಷ್ಟು ಬೇಗ ಕೊಳೆಯುವ ಜಾಗದಲ್ಲಿ ಸಾವಿರ ವರ್ಷದ ಇಂಗಾಲ ಹೇಗೆ ಉಳಿಯಿತು? ಇಪ್ಪತ್ತನೇ ಶತಮಾನದ ಬಹುಪಾಲು ಪಠ್ಯಗಳ ಉತ್ತರ ಹ್ಯೂಮಸ್. 1786ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಫ್ರಾಂಜ್ ಕಾರ್ಲ್ ಆಕಾರ್ಡ್ ಜೌಗುನೆಲದ ಕೊಳೆತ ಪದರವನ್ನು ಕ್ಷಾರದಲ್ಲಿ ನೆನೆಸಿ ಕಪ್ಪು ದ್ರವವೊಂದನ್ನು ತೆಗೆದ. (ಬೀಟ್ ಗಡ್ಡೆಯಿಂದ ಸಕ್ಕರೆ ತೆಗೆಯುವ ಮೊದಲ ಕಾರ್ಖಾನೆಯನ್ನು 1801ರಲ್ಲಿ ನಡೆಸಿದವನೂ ಇವನೇ, ಸಕ್ಕರೆ ಕಾರ್ಖಾನೆಗಳ ನಡುವೆ ಬಾಳುವ ಮುಧೋಳ, ಜಮಖಂಡಿ ಕಡೆಯವರು ಈ ಹೆಸರನ್ನು ನೆನಪಿಡಬಹುದು.) ಅಲ್ಲಿಂದ ಮುಂದೆ ಎರಡು ಶತಮಾನ, ಮಣ್ಣಿನಲ್ಲಿ ಕೊಳೆತದ್ದು ಒಂದಕ್ಕೊಂದು ಹೆಣೆದುಕೊಂಡು ದೊಡ್ಡ, ಕಠಿಣ ಅಣುಗಳಾಗುತ್ತವೆ, ಅವನ್ನು ಯಾವ ಜೀವಿಯೂ ಮುರಿಯಲಾರದು ಎಂಬ ಚಿತ್ರ ನಡೆಯಿತು. ಹೊಸ ಉಪಕರಣಗಳಿಂದ ಮಣ್ಣನ್ನು ಕ್ಷಾರಕ್ಕೆ ಹಾಕದೆ ಇದ್ದಲ್ಲೇ ನೋಡಿದಾಗ ಆ ದೈತ್ಯ ಅಣುಗಳು ಕಾಣಲಿಲ್ಲ. ಕಂಡದ್ದು ಸಾಮಾನ್ಯ ಸಕ್ಕರೆ, ಪ್ರೋಟೀನು, ಕೊಬ್ಬುಗಳ ಚೂರುಗಳು. 2011ರಲ್ಲಿ ಮೈಕೆಲ್ ಶ್ಮಿಟ್ ಮತ್ತು ಸಂಗಡಿಗರು, 2015ರಲ್ಲಿ ಯೊಹಾನೆಸ್ ಲೇಮನ್ ಮತ್ತು ಮಾರ್ಕಸ್ ಕ್ಲೇಬರ್ ನೇಚರ್ ಪತ್ರಿಕೆಯಲ್ಲಿ ಈ ತಿರುವನ್ನು ಖಚಿತವಾಗಿ ಮಂಡಿಸಿದರು. ವಸ್ತು ಎಷ್ಟು ಗಟ್ಟಿ ಎಂಬುದಕ್ಕಿಂತ ಅದು ಎಲ್ಲಿದೆ, ಯಾವುದಕ್ಕೆ ಅಂಟಿದೆ, ತಿನ್ನುವ ಜೀವಿಗೆ ಅದು ಎಟುಕುತ್ತದೆಯೇ ಎಂಬುದೇ ಅದರ ಆಯುಸ್ಸನ್ನು ತೀರ್ಮಾನಿಸುತ್ತದೆ. ಹ್ಯೂಮಿಕ್ ಆಮ್ಲದ ಹೆಸರಿನ ಡಬ್ಬಿಗಳು ಗೊಬ್ಬರದ ಅಂಗಡಿಯಲ್ಲಿ ಇನ್ನೂ ಸಿಗುತ್ತವೆ. ವಿಜ್ಞಾನದ ವಾದ ಮಾತ್ರ ಬೇರೆಡೆಗೆ ಸಾಗಿದೆ.

ಮಳೆಕಾಡಿನಲ್ಲಿ ಈ ಹಿಡಿತದ ಕೆಲಸ ಮಾಡುವವು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಲಕ್ಷಾಂತರ ವರ್ಷ ಸುರಿದ ಮಳೆ ಕಲ್ಲಿನ ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷಿಯಂ, ಸಿಲಿಕಾಗಳನ್ನು ತೊಳೆದೊಯ್ದಿದೆ. ಉಳಿದದ್ದು ಕೆಯೊಲಿನೈಟ್ ಎಂಬ ಸರಳ ಜೇಡಿ, ಅದರ ಜೊತೆ ಗೊಯಿಥೈಟ್, ಹೆಮಟೈಟ್, ಗಿಬ್ಸೈಟ್ ಎಂಬ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು. ಆಮ್ಲಗುಣದ ಮಣ್ಣಿನಲ್ಲಿ ಈ ಆಕ್ಸೈಡುಗಳ ಮೈ ಧನ ವಿದ್ಯುದಂಶ ಪಡೆಯುತ್ತದೆ. ಕೊಳೆತ ವಸ್ತುವಿನ ಆಮ್ಲಗುಂಪುಗಳು ಋಣ. ಎರಡೂ ಸೇರಿದರೆ ಬಿಡಿಸುವುದು ಕಷ್ಟ, ಏಕೆಂದರೆ ಅಲ್ಲಿ ಬರಿಯ ಆಕರ್ಷಣೆಯಷ್ಟೇ ಅಲ್ಲ, ರಾಸಾಯನಿಕ ಬಂಧವೂ ಏರ್ಪಡುತ್ತದೆ. ಹರಳುಗಟ್ಟದ, ಅಂದರೆ ಇನ್ನೂ ಅವ್ಯವಸ್ಥಿತವಾಗಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ರೂಪಗಳಿಗೆ ತೂಕಕ್ಕೆ ಹೋಲಿಸಿದರೆ ಮೇಲ್ಮೈ ಬಹಳ. ಅವು ಹೆಚ್ಚಿರುವ ಮಣ್ಣಿನಲ್ಲಿ ಇಂಗಾಲವೂ ಹೆಚ್ಚು. ಲ್ಯಾಟರೈಟ್, ನಮ್ಮ ಕರಾವಳಿಯ ಜಂಬಿಟ್ಟಿಗೆ, ಇದೇ ತೊಳೆತದ ಗಟ್ಟಿಯಾದ ಕೊನೆ. ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಈ ಕಲ್ಲನ್ನು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಆ ಹೆಸರಿನಿಂದ ಕರೆದ.

ಎರಡನೆಯ ಹಿಡಿತ ಹೆಂಟೆಯೊಳಗಿನ ಬಚ್ಚಿಡುವಿಕೆ. ಕಬ್ಬಿಣದ ಆಕ್ಸೈಡು ಜೇಡಿಕಣಗಳನ್ನು ಮರಳಿನಷ್ಟು ಗಾತ್ರದ ಉಂಡೆಗಳಾಗಿ ಕಟ್ಟುತ್ತದೆ. ಮುಟ್ಟಿದರೆ ಮರಳೆನಿಸುವ ಈ ಕೆಂಪು ಮಣ್ಣು ವಾಸ್ತವದಲ್ಲಿ ಜೇಡಿ. ಉಂಡೆಯ ಒಳಗಿನ ರಂಧ್ರಗಳು ಎಷ್ಟು ಕಿರಿದೆಂದರೆ ಬ್ಯಾಕ್ಟೀರಿಯಾ ಒಳಹೋಗುವುದಿಲ್ಲ, ಗಾಳಿಯೂ ನಿಧಾನ. ಒಳಗೆ ಸಿಕ್ಕಿದ ಬೇರಿನ ಚೂರು ಹೊರಗಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬಾಳುತ್ತದೆ. ಶಿಲೀಂಧ್ರದ ಎಳೆ, ಎರೆಹುಳುವಿನ ಹಿಕ್ಕೆ, ಗೆದ್ದಲಿನ ಅಂಟು ಈ ಉಂಡೆಗಳನ್ನು ಮತ್ತೆ ಮತ್ತೆ ಕಟ್ಟುತ್ತವೆ. ನೇಗಿಲು ಅವನ್ನು ಒಡೆಯುತ್ತದೆ.

ಮೂರನೆಯದು ಸಮಯ ಮತ್ತು ತೇವದ ಆಟ. ವಾರಗಟ್ಟಲೆ ಸುರಿಯುವ ಮಳೆಯಲ್ಲಿ ಮಣ್ಣಿನೊಳಗೆ ಆಮ್ಲಜನಕ ತೀರುತ್ತದೆ. ಆಗ ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ಕಬ್ಬಿಣದ ಆಕ್ಸೈಡನ್ನೇ ಉಸಿರಾಟಕ್ಕೆ ಬಳಸುತ್ತವೆ. ಕಬ್ಬಿಣ ಕರಗುತ್ತದೆ, ಅದಕ್ಕೆ ಅಂಟಿದ ಇಂಗಾಲ ಬಿಡುಗಡೆಯಾಗುತ್ತದೆ; ಮಳೆ ಬಿಟ್ಟಾಗ ಕಬ್ಬಿಣ ಮತ್ತೆ ಗಟ್ಟಿಯಾಗಿ ಒಂದಿಷ್ಟು ಇಂಗಾಲವನ್ನು ಹೊಸದಾಗಿ ಹಿಡಿಯುತ್ತದೆ. ಪೋರ್ಟೋ ರಿಕೋದ ಲುಕಿಯೊ ಕಾಡಿನಲ್ಲಿ ಈ ಕೊಡುಕೊಳ್ಳುವಿಕೆಯನ್ನು ವಿವರವಾಗಿ ಅಭ್ಯಸಿಸಿದ್ದಾರೆ. ಇದರಿಂದ ತಿಳಿಯುವುದು, ಖನಿಜದ ಹಿಡಿತ ಶಾಶ್ವತವಲ್ಲ. ಮಣ್ಣಿನ ಹವೆ ಬದಲಾದರೆ ಅದೂ ಸಡಿಲ.

ಆಯುಸ್ಸನ್ನು ಅಳೆಯಲು ವಿಜ್ಞಾನಿಗಳಿಗೆ ಅನಿರೀಕ್ಷಿತವಾಗಿ ಒದಗಿದ ಸಾಧನ ಅಣುಬಾಂಬ್. 1950–60ರ ದಶಕದ ಬಯಲು ಪರೀಕ್ಷೆಗಳಿಂದ ವಾತಾವರಣದಲ್ಲಿ ವಿಕಿರಣಶೀಲ ಇಂಗಾಲ-14 ಹೆಚ್ಚುಕಡಿಮೆ ಇಮ್ಮಡಿಸಿತು. ಅನಂತರ ಬೆಳೆದ ಎಲೆಯಲ್ಲಿ ಆ ಗುರುತು ಇದೆ, ಮೊದಲಿನದರಲ್ಲಿ ಇಲ್ಲ. ಮಣ್ಣಿನ ಬಿಡಿ ಚೂರುಗಳಲ್ಲಿ ಈ ಗುರುತು ಧಾರಾಳ: ಅವು ಕೆಲವೇ ವರ್ಷ, ದಶಕಗಳಲ್ಲಿ ಹೊಸದಾಗುತ್ತವೆ. ಖನಿಜಕ್ಕೆ ಅಂಟಿದ ಭಾಗದಲ್ಲಿ, ಅದರಲ್ಲೂ ಆಳದಲ್ಲಿ, ವಯಸ್ಸು ಶತಮಾನ, ಸಹಸ್ರಮಾನಗಳದ್ದು.

ಕರ್ನಾಟಕದ ಮಳೆಕಾಡು

ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡನ್ನು ದೀರ್ಘಕಾಲ ಗಮನಿಸುತ್ತ ಬಂದಿರುವ ತಾಣಗಳಲ್ಲಿ ಕೊಡಗಿನ ಕಡಮಕಲ್ ಮೀಸಲು ಅರಣ್ಯದ ಉಪ್ಪಂಗಳ ಮುಖ್ಯ. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ 1990ರ ಸುಮಾರಿಗೆ ಇಲ್ಲಿ ಶಾಶ್ವತ ಅಧ್ಯಯನ ಪ್ರದೇಶ ಗುರುತಿಸಿತು. ವರ್ಷಕ್ಕೆ 5,000 ಮಿಲಿಮೀಟರ್ ಮೀರುವ ಮಳೆ, ಧೂಪದಂಥ ಎತ್ತರದ ಮರಗಳು, ಕಡಿದಾದ ಇಳಿಜಾರು. ಇದೇ ಸಂಸ್ಥೆ ಕರ್ನಾಟಕ ಅರಣ್ಯ ಇಲಾಖೆಯೊಂದಿಗೆ ಘಟ್ಟದ ಸಸ್ಯನಕ್ಷೆಗಳನ್ನು ತಂದಿತು. ಇಳಿಜಾರಿನ ಇಂಥ ಕಾಡಿನಲ್ಲಿ ಇಂಗಾಲದ ಕತೆ ಒಂದೇ ಗುಂಡಿಯಿಂದ ತಿಳಿಯುವುದಿಲ್ಲ. ದಿಬ್ಬದ ನೆತ್ತಿಯಲ್ಲಿ ತೆಳು ಮಣ್ಣು, ಪಾದದಲ್ಲಿ ಜಾರಿ ಬಂದು ಕೂತ ಆಳದ ಮಣ್ಣು.

ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ಬೇರೆಯೇ ರೀತಿ ಉಂಟು. ತೊರೆಯ ಬದಿಯ ತಗ್ಗಿನಲ್ಲಿ ವರ್ಷವಿಡೀ ನೀರು ನಿಂತ ರಾಮಪತ್ರೆ ಜಡ್ಡಿಗಳಿವೆ. ಮರಗಳು ಊರುಗೋಲಿನಂಥ ಬೇರುಗಳ ಮೇಲೆ ನಿಂತು, ಮಂಡಿ ಮಡಿಸಿದಂತೆ ಮೇಲೆದ್ದ ಬೇರುಗಳಿಂದ ಉಸಿರಾಡುತ್ತವೆ. ಇಲ್ಲಿ ಇಂಗಾಲವನ್ನು ಕಾಯುವುದು ಕಬ್ಬಿಣಕ್ಕಿಂತ ಹೆಚ್ಚಾಗಿ ನೀರು. ಆಮ್ಲಜನಕ ಸಿಗದೆ ಕೊಳೆತ ಮಂದವಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರು ಈ ಜಡ್ಡಿಗಳ ಮಹತ್ವವನ್ನು ದಾಖಲಿಸಿದರು. ಗೇರಿನ ಕುಟುಂಬದ ಒಂದು ಮರದ ವೈಜ್ಞಾನಿಕ ಹೆಸರಿನಲ್ಲೇ ಕತ್ತಲೆಕಾನು ಸೇರಿಕೊಂಡಿದೆ. ವಿಸ್ತೀರ್ಣದಲ್ಲಿ ಇವು ತುಣುಕುಗಳು, ಜಗತ್ತಿನ ಲೆಕ್ಕಕ್ಕೆ ಏನೂ ಅಲ್ಲ. ಇದೇ ತತ್ತ್ವ ದೊಡ್ಡ ಪ್ರಮಾಣದಲ್ಲಿ ನಡೆದಿರುವುದು ಕಾಂಗೋ ನದಿಯ ನಡುಬಯಲಿನಲ್ಲಿ. 2017ರಲ್ಲಿ ಪ್ರಕಟವಾದ ಸಮೀಕ್ಷೆ ಅಲ್ಲಿನ ಜೌಗುಕಾಡಿನ ಕೆಳಗೆ ಸುಮಾರು 30 ಶತಕೋಟಿ ಟನ್ ಇಂಗಾಲವಿದೆ ಎಂದು ಅಂದಾಜಿಸಿತು.

ಕರ್ನಾಟಕದ ಗಡಿಯಾಚೆ, ನೀಲಗಿರಿಯ ಎತ್ತರದಲ್ಲಿ ತಂಪು ಮತ್ತು ಅಲ್ಯೂಮಿನಿಯಂ ಸೇರಿ ಕಪ್ಪು, ಹಗುರ, ಇಂಗಾಲ ತುಂಬಿದ ಮಣ್ಣನ್ನು ಮಾಡಿವೆ. ಅಲ್ಲಿನ ಜೌಗುಪದರಗಳನ್ನು ರಾಮನ್ ಸುಕುಮಾರ್ ಮತ್ತು ಸಂಗಡಿಗರು ಅಧ್ಯಯನ ಮಾಡಿ 1993ರಲ್ಲಿ ನೇಚರ್‌ನಲ್ಲಿ ಬರೆದರು. ಮರಗಳ ಇಂಗಾಲ ಮತ್ತು ಉಷ್ಣವಲಯದ ಹುಲ್ಲುಗಳ ಇಂಗಾಲದಲ್ಲಿ ಇಂಗಾಲ-13ರ ಪ್ರಮಾಣ ಬೇರೆಬೇರೆ. ಆ ವ್ಯತ್ಯಾಸವನ್ನು ಪದರ ಪದರವಾಗಿ ಓದಿ, ಹಿಮಯುಗದ ಕೊನೆಗೆ ಹುಲ್ಲು ಹರಡಿದ್ದ ಒಣಕಾಲವನ್ನೂ ಅನಂತರ ಮುಂಗಾರು ಬಲಿತ ತೇವದ ಕಾಲವನ್ನೂ ಅವರು ಗುರುತಿಸಿದರು. ಮಣ್ಣಿನ ಇಂಗಾಲ ಹವಾಮಾನದ ಸಂಗ್ರಹಾಲಯವೂ ಹೌದು.

ಮನುಷ್ಯನ ಕೈ ಈ ಕಾಡುಗಳಿಗೆ ಹೊಸದಲ್ಲ. ಕುಮ್ರಿ ಬೇಸಾಯದಲ್ಲಿ ಸುಟ್ಟ ಮರದ ಇದ್ದಿಲ ಚೂರು ಮಣ್ಣಿಗೆ ಸೇರಿತು. ಇದ್ದಿಲು ಕೊಳೆಯುವುದು ಬಹಳ ನಿಧಾನ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೊಪ್ಪಿನ ಬೆಟ್ಟಗಳಿಂದ ತರಗು, ಹಸಿಸೊಪ್ಪು ಕೊಟ್ಟಿಗೆಯ ಮೂಲಕ ಅಡಿಕೆ ತೋಟಕ್ಕೆ ಹೋಗುತ್ತದೆ. ತೋಟದ ಮಣ್ಣು ಶ್ರೀಮಂತವಾಗುತ್ತದೆ. ಬೆಟ್ಟದ ಮಣ್ಣಿಗೆ ಸಲ್ಲಬೇಕಾದ ಇಂಗಾಲ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ತೋಟವನ್ನಷ್ಟೇ ಅಳೆದು ಈ ಪದ್ಧತಿಯನ್ನು ಹೊಗಳುವ ಲೆಕ್ಕಗಳು ಈ ಸಾಲವನ್ನು ಬರೆಯುವುದೇ ಇಲ್ಲ.

ಕೃಷ್ಣಾ–ಘಟಪ್ರಭೆಯ ಎರೆ

ಮಳೆಕಾಡಿಗೂ ಬಾಡಗಂಡಿಗೂ ನೀರಿನ ನಂಟು ಉಂಟು. ಆಂಬೋಲಿಯ ಹಸಿರುಕಾಡಿನಲ್ಲಿ ಹುಟ್ಟುವ ಹಿರಣ್ಯಕೇಶಿ ಸಂಕೇಶ್ವರದ ಮೂಲಕ ಹರಿದು ಘಟಪ್ರಭೆಯನ್ನು ಸೇರುತ್ತದೆ. ಘಟಪ್ರಭೆ ಗೋಕಾಕ, ಮುಧೋಳ ದಾಟಿ ಚಿಕ್ಕಸಂಗಮದಲ್ಲಿ ಕೃಷ್ಣೆಗೆ ಕೂಡುತ್ತದೆ. ಘಟ್ಟದ ನೆತ್ತಿಯಲ್ಲಿ ಏಳು ಸಾವಿರ ಮಿಲಿಮೀಟರ್ ಮಳೆ, ಕೆಳಗೆ ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 560 ಮಿಲಿಮೀಟರ್ ಸುಮಾರು. ಇಷ್ಟು ದೂರದಲ್ಲಿ ಇಂಗಾಲವನ್ನು ಹಿಡಿಯುವ ಕೈಗಳೇ ಬದಲಾಗಿವೆ.

ಇಲ್ಲಿ ಮಳೆ ಕಡಿಮೆಯಾದ್ದರಿಂದ ಸುಣ್ಣ, ಮೆಗ್ನೀಷಿಯಂ ತೊಳೆದು ಹೋಗಿಲ್ಲ. ಜಮಖಂಡಿ ಕಡೆಯ ಕರಿಕಲ್ಲು, ಅಂದರೆ ಬಸಾಲ್ಟ್, ಸವೆದಾಗ ಹುಟ್ಟಿದ್ದು ಸ್ಮೆಕ್ಟೈಟ್. ಇದರ ಒಂದು ಗ್ರಾಂ ಕಣಗಳ ಒಳಹೊರ ಮೇಲ್ಮೈ ನೂರಾರು ಚದರ ಮೀಟರ್. ಕೆಯೊಲಿನೈಟಿಗೆ ಅದರ ಒಂದು ಸಣ್ಣ ಪಾಲು. ಆದರೆ ಸ್ಮೆಕ್ಟೈಟಿನ ಮೈ ಋಣ, ಸಾವಯವ ವಸ್ತುವೂ ಋಣ. ಎರಡನ್ನೂ ಕೂಡಿಸಲು ನಡುವೆ ಧನ ಅಂಶದ ಕ್ಯಾಲ್ಸಿಯಂ ಬೇಕು. ಎರೆಯಲ್ಲಿ ಕ್ಯಾಲ್ಸಿಯಂಗೆ ಬರವಿಲ್ಲ. ಮಳೆಕಾಡಿನಲ್ಲಿ ಕಬ್ಬಿಣ ಮಾಡಿದ್ದನ್ನು ಇಲ್ಲಿ ಸುಣ್ಣ ಮಾಡುತ್ತದೆ. ಅಂದರೆ ಎರೆಗೆ ಹಿಡಿಯುವ ಶಕ್ತಿ ಕಡಿಮೆ ಇಲ್ಲ, ಹಿಡಿಯಲು ಬರುವ ಇಂಗಾಲ ಕಡಿಮೆ. ಈ ಸೀಮೆಯ ಮಣ್ಣಿನ ಬಗೆಗಿನ ಚರ್ಚೆ ಮೊದಲು ಗಮನಿಸಬೇಕಾದ್ದು ಇದನ್ನೇ.

ಬೇಸಿಗೆಯಲ್ಲಿ ಎರೆಹೊಲ ಬಿರಿಯುತ್ತದೆ, ಬಿರುಕು ಮಾರುದ್ದ ಇಳಿಯುವುದುಂಟು. ಮೇಲ್ಮಣ್ಣು, ಕಣಕಿಯ ಚೂರು, ಕುರಿಹಿಕ್ಕೆ ಎಲ್ಲ ಅದರೊಳಗೆ ಉದುರುತ್ತವೆ. ಮಳೆಗೆ ಮಣ್ಣು ಉಬ್ಬಿ ಬಿರುಕು ಮುಚ್ಚಿದಾಗ ಅವು ಆಳದಲ್ಲಿ ಸಿಕ್ಕಿಬೀಳುತ್ತವೆ. ಮಳೆಕಾಡಿನಲ್ಲಿ ಆಳಕ್ಕೆ ಇಂಗಾಲ ಒಯ್ಯುವುದು ಬೇರು, ಇಲ್ಲಿ ಬಿರುಕು ಕೂಡ.

ಸಾಂಪ್ರದಾಯಿಕ ಹಿಂಗಾರಿ ಬೇಸಾಯದಲ್ಲಿ ಮಳೆಗಾಲವಿಡೀ ಎರೆಯನ್ನು ಹರಗಿ ಖಾಲಿ ಬಿಟ್ಟು, ತೇವ ಕೂಡಿಟ್ಟು, ಮಳೆ ಹಿಂದೆಗೆದ ಮೇಲೆ ಬಿಳಿಜೋಳ, ಕಡಲೆ, ಕುಸುಬಿ ಬಿತ್ತುತ್ತಿದ್ದರು. ತೇವ ಉಳಿಸುವ ಲೆಕ್ಕದಲ್ಲಿ ಇದು ಜಾಣತನದ ಪದ್ಧತಿ. ಇಂಗಾಲದ ಲೆಕ್ಕದಲ್ಲಿ ನಷ್ಟ: ಮಣ್ಣು ಬಿಸಿಯಾಗಿ ತೇವವಾಗಿರುವ ತಿಂಗಳುಗಳಲ್ಲಿ ಸೂಕ್ಷ್ಮಜೀವಿಗಳು ಉಣ್ಣುತ್ತಿರುತ್ತವೆ, ಬೇರು ಮಾತ್ರ ಇಲ್ಲ. ಕಣಕಿ ದನಕ್ಕೆ, ಸಗಣಿಯಲ್ಲಿ ಒಂದು ಭಾಗ ಕುಳ್ಳಾಗಿ ಒಲೆಗೆ. ತಿಪ್ಪೆಗೊಬ್ಬರ ಮತ್ತು ಹೊಲದಲ್ಲಿ ತರುಬಿಸಿದ ಕುರಿಯ ಹಿಕ್ಕೆ ಮಾತ್ರ ಮರಳಿ ಬರುತ್ತಿದ್ದವು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಸಂಸ್ಥೆ 1976ರಿಂದ ಇದೇ ಬಗೆಯ ಪದ್ಧತಿಯನ್ನು ಸುಧಾರಿತ ಪದ್ಧತಿಯೊಂದಿಗೆ ಅಕ್ಕಪಕ್ಕ ಹೋಲಿಸಿತು. ಏರುಮಡಿ, ಮುಂಗಾರಿನಲ್ಲೂ ಬೆಳೆ, ತೊಗರಿಯಂಥ ದ್ವಿದಳ, ಗೊಬ್ಬರ ಕೂಡಿದ ಎರೆಯಲ್ಲಿ 24 ವರ್ಷಗಳ ಬಳಿಕ ಮೇಲಿನ 120 ಸೆಂಟಿಮೀಟರಿನಲ್ಲಿ ಹೆಕ್ಟೇರಿಗೆ 46.8 ಟನ್ ಇಂಗಾಲವಿತ್ತು, ಹಳೆಯ ಪದ್ಧತಿಯಲ್ಲಿ 39.5. ವ್ಯತ್ಯಾಸ ವರ್ಷಕ್ಕೆ ಹೆಕ್ಟೇರಿಗೆ 300 ಕಿಲೋಗ್ರಾಂ ಮೇಲೆ. ಪಟಾನ್‌ಚೆರುವಿನ ಮಳೆ ಬೀಳಗಿಗಿಂತ ಹೆಚ್ಚು, ಆದ್ದರಿಂದ ಅಂಕಿಯನ್ನು ಹಾಗೇ ಎತ್ತಿ ಇಲ್ಲಿ ಇಡುವಂತಿಲ್ಲ.

ನೀರಾವರಿ ಈ ಸಮೀಕರಣವನ್ನು ಬದಲಿಸಿತು. ಘಟಪ್ರಭಾ ಕಾಲುವೆ, ಕೃಷ್ಣೆಯ ಏತ ನೀರಾವರಿ, 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ರೈತರೇ ಕಟ್ಟಿದ ಚಿಕ್ಕಪಡಸಲಗಿ ಬ್ಯಾರೇಜು, ಅನಂತರ ಆಲಮಟ್ಟಿಯ ಹಿನ್ನೀರು: ಜೋಳದ ಹೊಲಗಳು ಕಬ್ಬಿಗೆ ತಿರುಗಿದವು. ಕಬ್ಬು ಇಂಗಾಲವನ್ನು ಹೇರಳವಾಗಿ ಕಟ್ಟುವ ಬೆಳೆ, ಕುಳೆ ಬಿಟ್ಟರೆ ಎರಡು-ಮೂರು ವರ್ಷ ನೇಗಿಲ ಕಾಟವೂ ಕಡಿಮೆ. ಆದರೆ ಜಲ್ಲೆ ಕಾರ್ಖಾನೆಗೆ ಅಥವಾ ಮಹಾಲಿಂಗಪುರದ ಪೇಟೆಗೆ ಬೆಲ್ಲ ಕಳಿಸುವ ಗಾಣಕ್ಕೆ ಹೋಗುತ್ತದೆ, ಹೊಲದಲ್ಲಿ ಉಳಿಯುವ ರವದಿಗೆ ಹಲವೆಡೆ ಬೆಂಕಿ ಬೀಳುತ್ತದೆ. ರವದಿ ಸುಟ್ಟರೆ ಅದರ ಇಂಗಾಲ, ಸಾರಜನಕಗಳ ಬಹುಭಾಗ ಒಂದೇ ಸಂಜೆಗೆ ಗಾಳಿಪಾಲು. ಸಾಲುಬಿಟ್ಟು ಸಾಲಿನಲ್ಲಿ ಹೊದಿಸಿದರೆ ತೇವವೂ ಉಳಿಯುತ್ತದೆ, ಎರೆಹುಳುವೂ ಬರುತ್ತದೆ. ಹೊದಿಸಿದ ಎಲ್ಲವೂ ಮಣ್ಣಿನ ಇಂಗಾಲವಾಗುತ್ತದೆ ಎಂಬುದು ಉತ್ಸಾಹದ ಮಾತು. ಬಹುಪಾಲು ಕೊಳೆತೇ ಹೋಗುತ್ತದೆ, ಹತ್ತರಲ್ಲಿ ಒಂದೆರಡು ಪಾಲು ನಿಂತರೂ ಒಳ್ಳೆಯ ಫಲ.

ಮರಗಳಿಗಿಂತ ಭಿನ್ನವಾಗಿ ಕಬ್ಬಿನಲ್ಲಿ ಇಂಗಾಲ-13 ಹೆಚ್ಚು. ಬ್ರೆಜಿಲಿನಲ್ಲಿ ಕಾಡು ಕಡಿದು ಕಬ್ಬು ಹಾಕಿದ ನೆಲಗಳಲ್ಲಿ, ಮಣ್ಣಿನ ಇಂಗಾಲದಲ್ಲಿ ಕಾಡಿನ ಉಳಿಕೆ ಎಷ್ಟು, ಕಬ್ಬಿನದೆಷ್ಟು ಎಂದು ಕಾರ್ಲೋಸ್ ಸೆರ್ರಿ ಮತ್ತು ಸಂಗಡಿಗರು ಇದೇ ಗುರುತಿನಿಂದ ಬಿಡಿಸಿದರು. ದಶಕಗಳ ಬಳಿಕವೂ ಕಾಡಿನ ಹಳೆಯ ಇಂಗಾಲದ ಒಂದು ಭಾಗ ಜೇಡಿಕಣಕ್ಕೆ ಅಂಟಿ ಉಳಿದಿತ್ತು. ಜೋಳದಿಂದ ಕಬ್ಬಿಗೆ ಬಂದ ನಮ್ಮ ಎರೆಯಲ್ಲಿ ಈ ತಂತ್ರ ನಡೆಯದು. ಜೋಳದ ಗುರುತೂ ಕಬ್ಬಿನಂಥದ್ದೇ.

ನೀರು ಅತಿಯಾದಲ್ಲಿ ಸವಳು-ಜವಳು. ಜವಳು ನೆಲದಲ್ಲಿ ಕೊಳೆತ ಮಂದ, ಅಷ್ಟು ಲಾಭ. ಆದರೆ ಬೆಳೆಯೇ ಸೊರಗಿದರೆ ಒಳಬರುವ ಇಂಗಾಲ ನಿಲ್ಲುತ್ತದೆ. ಸವಳಿನಲ್ಲಿ ಸೋಡಿಯಂ ಕ್ಯಾಲ್ಸಿಯಂನ ಜಾಗ ಹಿಡಿದು ಜೇಡಿಯನ್ನು ಚದುರಿಸುತ್ತದೆ, ಹೆಂಟೆ ಕರಗುತ್ತದೆ, ಒಳಗೆ ಅಡಗಿದ್ದ ಸಾವಯವ ವಸ್ತು ಬಯಲಾಗುತ್ತದೆ. ಜಿಪ್ಸಂ ಹಾಕಿ ಬಸಿಗಾಲುವೆ ತೆಗೆಯುವುದು ಇಳುವರಿಗೆ ಮಾತ್ರವಲ್ಲ, ಕ್ಯಾಲ್ಸಿಯಂನ ಆ ಸೇತುವೆಗೂ ಬೇಕು.

ಎರೆಯ ಕೆಳಪದರದ ಸುಣ್ಣದ ಹರಳುಗಳೂ ಇಂಗಾಲವೇ, ಆದರೆ ಅವನ್ನು ಜಮೆಗೆ ಬರೆಯುವ ಮುನ್ನ ಮೂಲ ಕೇಳಬೇಕು. ಬಸಾಲ್ಟ್ ಸವೆದು ಬಂದ ಕ್ಯಾಲ್ಸಿಯಂ, ಬೇರಿನ ಉಸಿರಿನಿಂದ ಬಂದ ಇಂಗಾಲದ ಡೈಆಕ್ಸೈಡನ್ನು ಸುಣ್ಣವಾಗಿ ಕಟ್ಟಿದರೆ ಅದು ಹೊಸ ಸಂಗ್ರಹ. ಬಾಗಲಕೋಟೆ, ಲೋಕಾಪುರ, ಮುದ್ದಾಪುರಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಅಗೆಯುವ ಕಲಾದಗಿ ಶ್ರೇಣಿಯ ಸುಣ್ಣಕಲ್ಲು ಕರಗಿ ಬೇರೆಡೆ ಮತ್ತೆ ಹರಳಾದರೆ ಅದು ಹಳೆಯದರ ಸ್ಥಳಾಂತರ, ಉಳಿತಾಯ ಸೊನ್ನೆ. ಒಂದು ಹರಳನ್ನು ಬರಿಗಣ್ಣಿನಿಂದ ನೋಡಿ ಇವೆರಡನ್ನು ಬೇರ್ಪಡಿಸಲಾಗದು. ಡಿ.ಕೆ. ಪಾಲ್ ಮತ್ತು ಸಂಗಡಿಗರ ಇನ್ನೊಂದು ಎಚ್ಚರಿಕೆಯೂ ಇದೆ: ಒಣಹವೆಯಲ್ಲಿ ಸುಣ್ಣ ಹೀಗೆ ಹರಳಾಗುತ್ತ ಹೋದಂತೆ ದ್ರಾವಣದ ಕ್ಯಾಲ್ಸಿಯಂ ಕುಗ್ಗಿ ಸೋಡಿಯಂ ಮೇಲುಗೈ ಪಡೆಯುತ್ತದೆ. ನಿರವಯವ ಇಂಗಾಲ ಹೆಚ್ಚುವುದು ಇಲ್ಲಿ ಮಣ್ಣು ಕೆಡುವುದರ ಲಕ್ಷಣವೂ ಆಗಬಹುದು.

ಕಡಿತ ಮತ್ತು ಬಿಸಿ

ಉಷ್ಣವಲಯದ ಕಾಡು ಕಡಿದು ಹೊಲ ಮಾಡಿದಾಗ ಮಣ್ಣು ತನ್ನ ಸಾವಯವ ಇಂಗಾಲದ ಸುಮಾರು ನಾಲ್ಕನೇ ಒಂದು ಭಾಗ ಕಳೆದುಕೊಳ್ಳುತ್ತದೆ ಎಂಬುದು ನೂರಾರು ಅಧ್ಯಯನಗಳನ್ನು ಒಟ್ಟುಮಾಡಿದ 2011ರ ವಿಶ್ಲೇಷಣೆಯ ಸಾರ. ಭಾರತದ ಮಟ್ಟಿಗೆ ಮಳೆ ಹೆಚ್ಚಾದಷ್ಟೂ ಸಾವಯವ ವಸ್ತು ಹೆಚ್ಚು, ಬಿಸಿ ಹೆಚ್ಚಾದಷ್ಟೂ ಕಡಿಮೆ, ಬೇಸಾಯ ಬಂದರೆ ಇನ್ನೂ ಕಡಿಮೆ ಎಂಬುದನ್ನು ಹ್ಯಾನ್ಸ್ ಯೆನಿ ಮತ್ತು ಎಸ್.ಪಿ. ರಾಯಚೌಧುರಿ 1960ರಷ್ಟು ಹಿಂದೆಯೇ ದೇಶದುದ್ದದ ಮಾದರಿಗಳಿಂದ ತೋರಿಸಿದ್ದರು. ಪನಾಮಾದ ಬ್ಯಾರೊ ಕೊಲರಾಡೊ ದ್ವೀಪದಲ್ಲಿ ಕಾಡಿನ ಮಣ್ಣನ್ನು 4 ಡಿಗ್ರಿ ಬಿಸಿಮಾಡಿ ಎರಡು ವರ್ಷ ಗಮನಿಸಿದ ಪ್ರಯೋಗದಲ್ಲಿ ಮಣ್ಣಿನಿಂದ ಹೊರಟ ಇಂಗಾಲದ ಡೈಆಕ್ಸೈಡ್ ಶೇಕಡ 55ರಷ್ಟು ಏರಿತು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಉಷ್ಣವಲಯದ ಮಣ್ಣು ಈಗಾಗಲೇ ಬಿಸಿಯಾದ್ದರಿಂದ ಇನ್ನಷ್ಟು ಬಿಸಿಗೆ ಕದಲುವುದಿಲ್ಲ ಎಂಬ ಸಮಾಧಾನ ಅಲ್ಲಿಗೆ ಅಲುಗಿತು.

ಅಳತೆ

ನಮ್ಮ ಪ್ರಯೋಗಾಲಯಗಳಲ್ಲಿ ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು ವಾಕ್ಲಿ ಮತ್ತು ಬ್ಲ್ಯಾಕ್ 1934ರಲ್ಲಿ ಪ್ರಕಟಿಸಿದ ವಿಧಾನ. ಡೈಕ್ರೋಮೇಟ್ ಮತ್ತು ಗಂಧಕಾಮ್ಲ ಸಾವಯವ ಇಂಗಾಲದ ಸುಮಾರು ಮುಕ್ಕಾಲು ಭಾಗವನ್ನು ಉತ್ಕರ್ಷಿಸುತ್ತವೆ ಎಂದು ಹಿಡಿದು ಫಲವನ್ನು 1.3ರಿಂದ ಗುಣಿಸುತ್ತಾರೆ. ಮಣ್ಣು ಆರೋಗ್ಯ ಚೀಟಿಯಲ್ಲಿ 0.5ಕ್ಕಿಂತ ಕಡಿಮೆ ಬಂದರೆ ಕನಿಷ್ಠ, 0.75ಕ್ಕಿಂತ ಮೇಲಾದರೆ ಅಧಿಕ. ಬೆಳೆಗೆ ಗೊಬ್ಬರ ಹೇಳಲು ಇದು ಸಾಕು. ಇಂಗಾಲದ ಜಮಾಪತ್ರಕ್ಕೆ, ಅಂದರೆ ಕಾರ್ಬನ್ ಕ್ರೆಡಿಟ್ಟಿಗೆ, ಸಾಲದು. ಮಾದರಿ ತೆಗೆಯುವುದು ಮೇಲಿನ 15 ಸೆಂಟಿಮೀಟರಿನಿಂದ ಮಾತ್ರ. ಒಣ ದಹನದ ಯಂತ್ರ ಇನ್ನೂ ನಿಖರ, ಆದರೆ ಅದು ಎರೆಯ ಸುಣ್ಣವನ್ನೂ ಸುಟ್ಟು ಎಣಿಸುತ್ತದೆ. ಮಾದರಿಗೆ ಮೊದಲು ಆಮ್ಲ ಹಾಕಿ ಸುಣ್ಣ ತೆಗೆಯದಿದ್ದರೆ ಬೀಳಗಿಯ ಒಣಹೊಲ ಮಲೆನಾಡಿನ ಕಾಡನ್ನೂ ಮೀರಿಸಿದಂತೆ ಕಾಣಬಹುದು.

ಹೆಕ್ಟೇರಿಗೆ ಎಷ್ಟು ಟನ್ ಎಂದು ಹೇಳಲು ಮಣ್ಣಿನ ಸಾಂದ್ರತೆಯೂ ಬೇಕು. ಘನ ಸೆಂಟಿಮೀಟರಿಗೆ 1.3 ಗ್ರಾಂ ಸಾಂದ್ರತೆಯ ಎರೆಯಲ್ಲಿ ನೂರಕ್ಕೆ ಅರ್ಧ ಭಾಗ ಇಂಗಾಲವಿದ್ದರೆ ಮೇಲಿನ 30 ಸೆಂಟಿಮೀಟರಿನಲ್ಲಿ ಹೆಕ್ಟೇರಿಗೆ ಸುಮಾರು 19.5 ಟನ್. ಆದರೆ ಎರೆ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವ ಮಣ್ಣು. ಅದೇ 30 ಸೆಂಟಿಮೀಟರ್ ಕೊಳವೆಗೆ ಏಪ್ರಿಲಿನಲ್ಲಿ ಹಿಡಿಸುವ ಒಣಮಣ್ಣಿನ ತೂಕ ಬೇರೆ, ಸೆಪ್ಟೆಂಬರಿನಲ್ಲಿ ಬೇರೆ. ಕೊಳವೆ ಬಿರುಕಿನ ಮೇಲೆ ಬಿದ್ದರೆ ಆ ಅಳತೆಯೂ ತಪ್ಪು. ಆದ್ದರಿಂದ ಹೊಸ ಸಮೀಕ್ಷೆಗಳು ಆಳಕ್ಕೆ ಬದಲು ಒಂದೇ ತೂಕದ ಒಣಮಣ್ಣನ್ನು ಆಧಾರವಾಗಿ ಹಿಡಿಯುತ್ತವೆ. ಒಂದು ಹೊಲವನ್ನು ಮತ್ತೆ ಅಳೆಯುವಾಗ ಹಿಂದಿನ ಸಲದಷ್ಟೇ ತೇವ ಇರುವ ಕಾಲವನ್ನೇ, ಸಾಮಾನ್ಯವಾಗಿ ಹಿಂಗಾರಿ ಬೆಳೆ ಕೊಯ್ದ ಮೇಲಿನ ದಿನಗಳನ್ನು, ಆರಿಸಿಕೊಳ್ಳುವುದು ಲೇಸು.